ದುರುಗವ್ವನ ತಗ್ಗಿನ ಮಣ್ಣು

ಮಸ್ಕಿಯ ಬಸ್ ನಿಲ್ದಾಣದಲ್ಲಿ ಮಣ್ಣೆತ್ತಿನ ಜೋಡಿಯೊಂದನ್ನು ಆರಿಸಿ, ಹಣ ಕೊಡುವ ಮೊದಲೇ ಮೂಗಿಗೆ ಹಿಡಿದೆ. ಮರುದಿನ ಮಣ್ಣೆತ್ತಿನ ಅಮಾವಾಸ್ಯೆ. ಗೋಣಿಚೀಲದ ಮೇಲೆ ಎತ್ತುಗಳು ಸಾಲಾಗಿ ನಿಂತಿದ್ದವು. ಮಣ್ಣು ಇನ್ನೂ ಪೂರ್ತಿ ಆರಿರಲಿಲ್ಲ, ಕಣ್ಣಿಗೆ ಜೋಳದ ಕಾಳು ಒತ್ತಿದ್ದರು. ಮಾರುವವಳು ನನ್ನನ್ನು ಕೆಳಗಿಂದ ಮೇಲೆ ನೋಡಿ, "ಇದೇನು ಮೀನೇನ್ರಿ ಅಕ್ಕಾರ, ವಾಸನಿ ನೋಡಾಕತ್ತೀರಲ್ಲ?" ಎಂದಳು. ಪಕ್ಕದಲ್ಲಿ ಬಳೆ ಮಾರುತ್ತಿದ್ದವಳೂ ನಕ್ಕಳು. ನನಗೂ ನಗು ಬಂತು. ಮಣ್ಣು ಕಂಡರೆ ಮೂಸುವ ಈ ಚಟ ನನಗೆ ಹತ್ತಿದ್ದು ಹತ್ತು ವರ್ಷಗಳ ಹಿಂದೆ, ಎಂಬತ್ತರ ದಶಕ ಮುಗಿಯುತ್ತಿದ್ದ ಒಂದು ಬೇಸಿಗೆಯಲ್ಲಿ. ಆ ಬೇಸಿಗೆ ನಡೆದ ಊರು ಮಸ್ಕಿಯಿಂದ ಅರ್ಧ ತಾಸಿನ ದಾರಿ.

ಎತ್ತು ಕೊಂಡ ಆ ದಿನ ನಾನು ಲಿಂಗಸುಗೂರಿನಿಂದ ಸಿಂಧನೂರಿಗೆ ಹೊರಟಿದ್ದೆ, ಒಂದು ಮದುವೆಗೆ. ಸಿಂಧನೂರಿನ ಬಸ್ಸು ಬಂತು, ನಿಂತಿತು, ಹೋಯಿತು. ನಾನು ಹತ್ತಲಿಲ್ಲ. ಎತ್ತಿನ ಮಣ್ಣಿನ ವಾಸನೆ ಮೂಗಿನಿಂದ ಇಳಿಯದೆ ಅಲ್ಲೇ ಕುಳಿತುಬಿಟ್ಟಿತ್ತು. ಕೊನೆಗೆ ಸಂತೆಕಲ್ಲೂರಿನ ಕಡೆ ಹೋಗುವ ಟೆಂಪೋದಲ್ಲಿ, ಎರಡು ಕೋಳಿಬುಟ್ಟಿಗಳ ನಡುವೆ ಜಾಗ ಮಾಡಿಕೊಂಡು ಕುಳಿತೆ. ಎತ್ತಿನ ಜೋಡಿ ಮಡಿಲಲ್ಲಿತ್ತು.

ಆ ಬೇಸಿಗೆ ನನ್ನ ಮೊದಲ ನೌಕರಿಯದು. ನಾನು ಗುರುಗುಂಟಾದ ಹುಡುಗಿ. ಕೃಷಿ ಕಾಲೇಜಿನಲ್ಲಿ ಮಣ್ಣಿನ ಬಗ್ಗೆ ಓದಿ ಸಿಂಧನೂರಿನ ಒಂದು ಕಚೇರಿಗೆ ಸೇರಿದ್ದೆ. ಮಣ್ಣು ನೋಡುವುದಕ್ಕೆ ಸರಕಾರ ಪಗಾರ ಕೊಡುತ್ತದೆ ಎಂದು ನಮ್ಮಜ್ಜ ಕಟ್ಟೆಯ ಮೇಲೆ ಕುಳಿತವರಿಗೆಲ್ಲ ಹೇಳಿ ನಗುತ್ತಿದ್ದ. ಎಪ್ಪತ್ತು ವರ್ಷ ಪುಕ್ಕಟೆ ನೋಡಿದೆನಲ್ಲ ಎಂದು ಅವನಿಗೆ ಸ್ವಲ್ಪ ಬೇಜಾರೂ ಇತ್ತು. ನಾನು ಮಾತ್ರ ಹೊಸ ಕೊಡೆ, ಹೊಸ ಕೈಚೀಲ, ಹೊಸ ನೋಟ್‌ಬುಕ್ಕು ಹಿಡಿದು, ಭೂಮಿ ತಾಯಿಯ ನಾಡಿ ಹಿಡಿಯುವ ವೈದ್ಯಳೇ ನಾನು ಎಂಬ ಗತ್ತಿನಲ್ಲಿ ಓಡಾಡುತ್ತಿದ್ದೆ.

ನನಗೆ ಒಪ್ಪಿಸಿದ ಮೊದಲ ಕೆಲಸ ಒಂದು ಹಳ್ಳದ ದಂಡೆ. ಹಿಂದಿನ ಹಿಂಗಾರಿನಲ್ಲಿ ಮಳೆ ಒಂದೇ ಸಮನೆ ಸುರಿದು ಹಳ್ಳ ಉಕ್ಕಿತ್ತು. ಮೇಲಿನ ಊರಿನ ದಂಡೆಯಲ್ಲಿ ಯಾರೋ ವ್ಯಾಪಾರಿಯೊಬ್ಬ ಹತ್ತಿಯ ಹುಳಕ್ಕೆ ಉದುರಿಸುವ ಬಿಳಿ ವಿಷದ ಪುಡಿಯ ಹಳೆಯ ಚೀಲಗಳನ್ನು ತಗಡಿನ ಶೆಡ್ಡಿನಲ್ಲಿ ಪೇರಿಸಿಟ್ಟಿದ್ದನಂತೆ. ಶೆಡ್ಡು, ಚೀಲ, ಪುಡಿ ಎಲ್ಲ ಒಂದೇ ಏಟಿಗೆ ಹಳ್ಳದ ಪಾಲಾದವು. ಕೆಳಗಿನ ಊರಿನ ಜನ ಬೆಳಗ್ಗೆ ಎದ್ದು ನೋಡಿದರೆ ಏಡಿಗಳು ಬೆನ್ನಡಿಯಾಗಿ ಬಿದ್ದಿದ್ದವು, ಮೀನುಗಳು ದಂಡೆಗೆ ಹತ್ತಿದ್ದವು, ಎರೆಹುಳುಗಳು ಮಣ್ಣಿನಿಂದ ಮೇಲೆ ಬಂದು ಸತ್ತಿದ್ದವು. ನೆರೆ ಇಳಿದ ಮೇಲೆ ದಂಡೆಯ ಉದ್ದಕ್ಕೂ ಹೊಸ ರೇವೆ ಕೂತಿತ್ತು. ನೋಡುವುದಕ್ಕೆ ಬೆಣ್ಣೆಯಂಥ ಮಣ್ಣು. ಅದರೊಳಗೆ ಏನಿದೆ, ಎಲ್ಲೆಲ್ಲಿ ಇದೆ, ಯಾರಿಗೆ ತೊಂದರೆ ಎಂದು ನೋಡಿ ಹೇಳಬೇಕಾದವಳು ನಾನು.

ನನ್ನ ಜೊತೆಗೆ ಹುಸೇನಪ್ಪ ಎಂಬ ಹಿರಿಯ ಸಹಾಯಕರಿದ್ದರು. ನಿವೃತ್ತಿಗೆ ಹತ್ತಿರವಾದವರು, ತಲೆಗೆ ಬಿಳಿ ರುಮಾಲು, ಬಾಯಲ್ಲಿ ಎಲೆ ಅಡಿಕೆ. ಹುಡುಗಿಯೊಬ್ಬಳು ಮೇಲಧಿಕಾರಿಯಾಗಿ ಬಂದದ್ದಕ್ಕೆ ಅವರು ಮುಖ ಗಂಟು ಹಾಕಲಿಲ್ಲ. ಮಣ್ಣನ್ನು ಹೇಗೆ ಮೂಸಬೇಕು ಎಂದು ಕಲಿಸಿದವರೇ ಅವರು. ಬೆರಳಿನಲ್ಲಿ ಒಂದಿಷ್ಟು ಉಜ್ಜಿ, ಬಾಯಿಂದ ಉಸಿರು ಬಿಟ್ಟು ತೇವ ಮಾಡಿ, ತಕ್ಷಣ ಮೂಗಿಗೆ ಹಿಡಿಯಬೇಕು. ಆ ಪುಡಿ ಇದ್ದರೆ ಮುಗ್ಗು ಹಿಡಿದ ಕಾಳಿನ ವಾಸನೆ ಬರುತ್ತದೆ. ಇಲ್ಲದಿದ್ದರೆ ಬರೀ ಮಣ್ಣಿನ ವಾಸನೆ. ಆದರೆ ಸ್ವಲ್ಪವೇ ಇದ್ದರೆ ಯಾರ ಮೂಗಿಗೂ ತಿಳಿಯುವುದಿಲ್ಲ ಎಂದೂ ಅವರೇ ಹೇಳಿದ್ದರು.

ದುರುಗವ್ವ ನಮಗೆ ಸಿಕ್ಕಿದ್ದು ಅಲ್ಲೇ, ದಂಡೆಯ ಮೇಲೆ. ಅವಳಿಗೆ ಆಗ ನಲವತ್ತರ ಹತ್ತಿರ. ಗಂಡ ಹಟ್ಟಿಯ ಚಿನ್ನದ ಗಣಿಯ ಕಡೆ ಕೂಲಿಗೆ ಹೋಗಿ ವಾರಕ್ಕೊಮ್ಮೆ ಬರುತ್ತಿದ್ದ. ದಂಡೆಯ ತೋಟ ಪೂರ್ತಿ ಇವಳದೇ ಕಾರುಬಾರು. ಹೀರೆ, ಸೌತೆ, ಮೆಂತ್ಯೆ ಎಲ್ಲ ಇದ್ದರೂ ಅವಳಿಗೆ ಹೆಸರು ತಂದದ್ದು ಬದನೆಕಾಯಿ. ತೋಟದ ನಡುವೆ ಒಂದು ತಗ್ಗು ಇತ್ತು. ಪ್ರತಿ ನೆರೆಯಲ್ಲೂ ಅಲ್ಲಿ ನೀರು ನಾಲ್ಕು ದಿನ ನಿಂತು, ರೇವೆ ಬಿಟ್ಟು ಹೋಗುತ್ತಿತ್ತು. ಅಲ್ಲಿ ಬೆಳೆದ ಮುಳ್ಳುಬದನೆಯನ್ನು ಮಸ್ಕಿ ಸಂತೆಯಲ್ಲಿ ಜನ ಹೆಸರು ಹಿಡಿದು ಕೇಳುತ್ತಿದ್ದರು. ದುರುಗವ್ವ ಬರುವುದು ತಡವಾದರೆ ಬೇರೆಯವರ ಬದನೆ ಕೊಳ್ಳದೆ ಕಾಯುವವರಿದ್ದರಂತೆ. ಇದನ್ನು ಹೇಳಿದವಳು ಅವಳೇ, ಅದೂ ಮೂರು ಸಲ.

ಇನ್ನೊಂದು ಗೌರವವೂ ಆ ಮನೆಗಿತ್ತು. ತೋಟದ ಕೊನೆಯಲ್ಲಿ ಹಳ್ಳ ಬಾಗುವ ಕಡೆ ಅಂಟುಮಣ್ಣಿನ ಒಂದು ಗೋಡೆ ಇದೆ, ಆ ತಿರುವಿಗೆ ಊರಿನವರು ಬಾಗು ಎನ್ನುತ್ತಾರೆ. ಮಣ್ಣೆತ್ತಿನ ಅಮಾವಾಸ್ಯೆಗೆ ಇಡೀ ಊರು ಎತ್ತು ಮಾಡುವುದು ಆ ಮಣ್ಣಿನಿಂದಲೇ. ಹಿಂದಿನ ದಿನ ದುರುಗವ್ವನ ಮನೆಯವರು ಮೊದಲ ಗುದ್ದಲಿ ಹಾಕಬೇಕು, ಆಮೇಲೆ ಉಳಿದವರು. ಅವಳ ಅತ್ತೆ ಹಾಕುತ್ತಿದ್ದಳು, ಅತ್ತೆ ತೀರಿಕೊಂಡ ಮೇಲೆ ಇವಳು. ಮಕ್ಕಳು ಎತ್ತು ಮಾಡುತ್ತಾ ಬೆರಳು ನೆಕ್ಕುವುದನ್ನು ನಾನು ಗುರುಗುಂಟಾದಲ್ಲಿ ಕಂಡಿದ್ದೆ, ನಾನೂ ನೆಕ್ಕಿದ್ದೆ. ಅದಕ್ಕೇ ಯಾರು ಯಾರು ಈ ಮಣ್ಣು ಮುಟ್ಟುತ್ತಾರೆ ಎಂದು ನೋಟ್‌ಬುಕ್ಕಿನಲ್ಲಿ ಪಟ್ಟಿ ಮಾಡುವಾಗ ಹುಳು, ಏಡಿ, ಕೊಕ್ಕರೆ, ಎಮ್ಮೆ, ಬದನೆ ಆದ ಮೇಲೆ ಮಕ್ಕಳು ಎಂದೂ ಬರೆದೆ. ಪಟ್ಟಿ ಪೂರ್ತಿಯಾಯಿತು ಎಂದುಕೊಂಡಿದ್ದೆ.

ಹನ್ನೆರಡು ಕಡೆಯಿಂದ ಮಣ್ಣು ತೆಗೆಯುವುದೆಂದು ಗೂಟ ನೆಟ್ಟು ಗುರುತು ಮಾಡಿದೆವು. ಅಷ್ಟರಲ್ಲಿ ನನ್ನ ಮೈಮೇಲೆ ಅಮ್ಮ ಎದ್ದಳು. ಚೈತ್ರದ ಬಿಸಿಲು, ಮೈತುಂಬ ಗುಳ್ಳೆ. ಗುರುಗುಂಟಾದ ಮನೆಯಲ್ಲಿ ಬೇವಿನೆಲೆಯ ಮೇಲೆ ಹದಿನೈದು ದಿನ ಮಲಗಿದೆ. ಕೆಲಸ ನಿಲ್ಲಬಾರದೆಂದು ಹುಸೇನಪ್ಪನವರಿಗೆ ಹೇಳಿ ಕಳಿಸಿದೆ. ಬಟ್ಟೆಚೀಲಗಳನ್ನು ದಂಡೆಯ ಹೆಂಗಸರಿಗೆ ಕೊಡಿ, ಗೂಟ ಇದ್ದ ಕಡೆ ಅವರೇ ಮಣ್ಣು ತುಂಬಲಿ, ಪರೀಕ್ಷೆಗೆ ಬೇಕು ಎಂದು ಅವರಿಗೆ ತಿಳಿಸಿ ಎಂದೆ. ಚೀಲಗಳು ಬಾಯಿ ಹೊಲಿದುಕೊಂಡು ಅಚ್ಚುಕಟ್ಟಾಗಿ ಬಂದವು, ಹುಸೇನಪ್ಪ ಹಾಗೆಯೇ ದೂರದ ಪ್ರಯೋಗಾಲಯಕ್ಕೆ ಕಳಿಸಿದರು. ಫಲಿತಾಂಶ ಬಂದಾಗ ಹನ್ನೆರಡರಲ್ಲಿ ಒಂದರಲ್ಲೂ ವಿಷ ಇರಲಿಲ್ಲ. ಹನ್ನೆರಡೂ ಒಂದೇ ತರಹ ಇದ್ದವು. ಬುದ್ಧಿ ನೆಟ್ಟಗಿದ್ದವರಿಗೆ ಅಲ್ಲೇ ಅನುಮಾನ ಬರಬೇಕು. ನನಗೆ ಖುಷಿ ಬಂತು. ನೆರೆ ಎಲ್ಲವನ್ನೂ ತೊಳೆದು ಮುಂದಕ್ಕೆ ಸಾಗಿಸಿದೆ, ದಂಡೆಯಲ್ಲಿ ಬೆಳೆದದ್ದನ್ನು ಉಣ್ಣಬಹುದು ಎಂದು ವರದಿ ಬರೆದೆ, ಊರಿಗೂ ಹೋಗಿ ಹೇಳಿದೆ.

ದುರುಗವ್ವ ಊಟಕ್ಕೆ ನಿಲ್ಲಿಸಿಕೊಂಡಳು. ಬಿಸಿ ಜೋಳದ ರೊಟ್ಟಿ, ತಗ್ಗಿನ ಬದನೆಯ ಎಣ್ಣೆಗಾಯಿ, ಮೇಲೆ ಗುರೆಳ್ಳು ಪುಡಿ. ಹುಸೇನಪ್ಪ ನಾಲ್ಕನೇ ರೊಟ್ಟಿಗೆ ಕೈ ಹಾಕಿದ್ದರು. ನೆರೆಹೊರೆಯ ಐದಾರು ಹೆಂಗಸರು ಬಾಗಿಲಲ್ಲಿ ಕುಳಿತು ನಮ್ಮ ಊಟ ನೋಡುತ್ತಿದ್ದರು. ಎಲ್ಲರ ಮುಖದಲ್ಲೂ ಮಗಳು ಪರೀಕ್ಷೆ ಪಾಸಾದ ಕಳೆ ಇತ್ತು.

"ನಮ್ಮ ಮಣ್ಣು ಪಾಸ್ ಆಗದ ಇರ್ತೈತೇನ್ರಿ?" ಎಂದಳು ದುರುಗವ್ವ. "ಮೂರು ಸಲ ಜರಡಿ ಹಿಡದೀವಿ. ಒಂದು ಹರಳು ಬಿಟ್ಟಿಲ್ಲ."

ಜರಡಿ ಯಾಕೆ ಹಿಡಿದಿರಿ ಎಂದು ಕೇಳಿದೆ. ಆಗ ಎಲ್ಲರೂ ಒಟ್ಟಿಗೆ ಹೇಳತೊಡಗಿದರು. ದಂಡೆಯ ಮಣ್ಣಿನಲ್ಲಿ ಬೇರು, ಶಂಖ, ಎಮ್ಮೆಯ ಕೂದಲು ಎಲ್ಲ ಇತ್ತಂತೆ. ಅಂಥದ್ದನ್ನು ಪಟ್ಟಣದ ಪರೀಕ್ಷೆಗೆ ಹೇಗೆ ಕಳಿಸುವುದು? ಅದಕ್ಕೇ ಗುಡ್ಡದ ಕೆಳಗಿನ ದೊಡ್ಡ ಹುತ್ತಕ್ಕೆ ಕೈ ಮುಗಿದು, ಅದರ ಬುಡದ ಮಣ್ಣು ತಂದು, ಸೋಸಿ, ಹನ್ನೆರಡು ಚೀಲಕ್ಕೂ ಸಮನಾಗಿ ತುಂಬಿದ್ದರು. ನಾಗಪ್ಪನ ಮಣ್ಣಿಗಿಂತ ಶುದ್ಧವಾದ ಮಣ್ಣು ಈ ಸೀಮೆಯಲ್ಲಿ ಎಲ್ಲಿದೆ?

ನನ್ನ ಕೈಯ ರೊಟ್ಟಿ ಕೈಯಲ್ಲೇ ಉಳಿಯಿತು. ಹುಸೇನಪ್ಪ ಅಗಿಯುವುದನ್ನು ನಿಲ್ಲಿಸಿದರು. ನನ್ನ ಮುಖ ನೋಡಿ ದುರುಗವ್ವನಿಗೆ ಏನೋ ತಪ್ಪಾಯಿತು ಎನ್ನಿಸಿರಬೇಕು, ಸಮಾಧಾನ ಹೇಳುವವಳಂತೆ ಅಂದಳು:

"ಅಲ್ರಿ ಅಕ್ಕಾರ, ಹೆಣ್ಣು ನೋಡಾಕ ಬಂದ್ರ ಹರಕ ಸೀರಿ ಉಡಿಸಿ ಕುಂದರಸ್ತಾರೇನ್ರಿ?"

ಮಣ್ಣನ್ನು ಪರೀಕ್ಷೆಗೆ ಕೊಡಿ ಎಂದವಳು ನಾನು. ಪರೀಕ್ಷೆ ಎಂದರೆ ಇದ್ದುದರಲ್ಲಿ ಒಳ್ಳೆಯದನ್ನು ತೋರಿಸುವುದು ಎಂದೇ ಅವರು ತಿಳಿದಿದ್ದರು, ನಾನೂ ಓದುವಾಗ ಹಾಗೆಯೇ ತಿಳಿದು ಪಾಸಾದವಳು. ಇಷ್ಟರ ಮೇಲೆ ಬಾಗಿಲಲ್ಲಿದ್ದ ಒಬ್ಬ ಮುದುಕಿ, ಮಣ್ಣು ಪಾಸಾದದ್ದು ಚಲೋ ಆಯಿತು, ನೆರೆ ಬಂದಾಗಿನಿಂದ ಬಸುರಿಯರಿಗೆ ಹಳ್ಳದ ಬಾಗಿನ ಮಣ್ಣು ಕೊಟ್ಟಿರಲಿಲ್ಲ, ಇನ್ನು ಕೊಡಬಹುದು ಎಂದಳು. ಬಯಕೆಯಾದ ಹೆಣ್ಣುಮಕ್ಕಳು ಆ ಅಂಟುಮಣ್ಣನ್ನು ಕೆಂಡದ ಮೇಲೆ ಸುಟ್ಟು ತಿನ್ನುತ್ತಿದ್ದರಂತೆ. ನನ್ನ ಪಟ್ಟಿಯಲ್ಲಿ ಬಸುರಿಯರು ಇರಲೇ ಇಲ್ಲ.

ಕೈ ತೊಳೆದುಕೊಂಡು ಎಲ್ಲರ ಮುಂದೆ ಹೇಳಿದೆ, ನಾನು ಹೇಳಿದ್ದು ತಪ್ಪು, ಹುತ್ತದ ಮಣ್ಣು ಚೆನ್ನಾಗಿದೆ ಎಂದು ಮಾತ್ರ ಗೊತ್ತಾಗಿದೆ, ದಂಡೆಯದು ಇನ್ನೂ ಗೊತ್ತಿಲ್ಲ, ಗೊತ್ತಾಗುವವರೆಗೆ ಅಲ್ಲಿಯದು ಯಾರೂ ಏನೂ ತಿನ್ನಬೇಡಿ. ದುರುಗವ್ವ ರೊಟ್ಟಿ ಬುಟ್ಟಿಯ ಮುಚ್ಚಳ ಮುಚ್ಚಿದಳು.

"ಅಂದ್ರ ನಾವು ಫೇಲ್ ಏನ್ರಿ?"

"ನೀವಲ್ಲವ್ವ. ನಾನು" ಎಂದೆ.

ಕಚೇರಿಯಲ್ಲಿ ಸಾಹೇಬರು ಸಿಡಿಮಿಡಿಗೊಂಡರು, ಆದರೆ ಒಳ್ಳೆಯ ಮನುಷ್ಯ. ವರದಿಯನ್ನು ಹಿಂದಕ್ಕೆ ಪಡೆಯಲು ಬಿಟ್ಟು, ಹೊಸದಾಗಿ ಮಣ್ಣು ಕಳಿಸು ಎಂದರು. ಅದರ ಫಲಿತಾಂಶ ಬರಲು ಎರಡು ತಿಂಗಳು ಬೇಕಿತ್ತು. ಅಮಾವಾಸ್ಯೆಗೆ ಇದ್ದದ್ದು ಇಪ್ಪತ್ತು ದಿನ. ಅಮಾವಾಸ್ಯೆಗೆ ಊರು ಆ ಬಾಗಿನ ಮಣ್ಣು ಮುಟ್ಟದೆ ಬಿಡುವುದಿಲ್ಲ ಎಂದು ನನಗೆ ಗೊತ್ತಿತ್ತು. ಮುಟ್ಟಿರಿ ಎನ್ನಲು ಧೈರ್ಯವಿಲ್ಲ, ಬೇಡ ಎನ್ನಲು ಆಧಾರವಿಲ್ಲ. ಆಗ ನೆನಪಾದದ್ದು ಕಾಲೇಜಿನಲ್ಲಿ ಎಂದೋ ಓದಿದ ಒಂದು ಉಪಾಯ: ಮಣ್ಣಿನ ಸಮಾಚಾರ ಎರೆಹುಳುವನ್ನು ಕೇಳುವುದು.

ಕೇಳುವ ಕ್ರಮ ಸುಲಭ. ಒಂದು ಮರದ ಪೆಟ್ಟಿಗೆಯ ನಡುವೆ ತಗಡು ನಿಲ್ಲಿಸಿ, ಒಂದು ಕಡೆ ನೆರೆ ಮುಟ್ಟದ ಎತ್ತರದ ಹೊಲದ ಮಣ್ಣು, ಇನ್ನೊಂದು ಕಡೆ ದಂಡೆಯ ಮಣ್ಣು ತುಂಬಬೇಕು. ನೀರು ಚಿಮುಕಿಸಿ, ತಗಡು ಎತ್ತಿ, ನಡುವಿನ ಗೆರೆಯ ಮೇಲೆ ಹತ್ತು ಹುಳು ಬಿಡಬೇಕು. ಎರಡು ದಿನ ಬಿಟ್ಟು ತೆಗೆದರೆ ಹುಳುಗಳು ಎರಡೂ ಕಡೆ ಹರಡಿಕೊಂಡಿರಬೇಕು. ಎಲ್ಲವೂ ಒಂದೇ ಕಡೆ ಓಡಿಹೋಗಿದ್ದರೆ ಇನ್ನೊಂದು ಕಡೆಯ ಮಣ್ಣಿನಲ್ಲಿ ಏನೋ ಇದೆ. ಇದರಿಂದ ಎಲ್ಲ ತಿಳಿಯುವುದಿಲ್ಲ, ಆದರೆ ಎಲ್ಲಿ ಕಾಲಿಡಬಾರದು ಎಂದು ತಿಳಿಯುತ್ತದೆ.

ಬೇಸಿಗೆಯಲ್ಲಿ ನಮ್ಮ ಕಡೆ ಎರೆಹುಳು ಎಲ್ಲಿ ಸಿಗಬೇಕು? ಸಿಂಧನೂರಿನ ಕಾಲುವೆಯ ಬಳಿ ಆಂಧ್ರದವರು ನೆಲೆಸಿದ ಕ್ಯಾಂಪಿಗೆ ಹೋದೆವು. ಭತ್ತ ಬೆಳೆಯುವ ಒಬ್ಬ ತೆಲುಗು ರೈತ ತನ್ನ ತಿಪ್ಪೆಯ ಹಸಿ ಅಂಚು ತೋರಿಸಿದ. ನಾವು ಮೀನು ಹಿಡಿಯಲು ಹೊರಟಿದ್ದೇವೆ ಎಂದು ತಿಳಿದು, ಯಾವ ಮಡುವಿನಲ್ಲಿ ಕೂತರೆ ದೊಡ್ಡ ಮೀನು ಸಿಗುತ್ತದೆ ಎಂದೂ ಹೇಳಿಕೊಟ್ಟ. ಅವನ ಉತ್ಸಾಹ ಕೆಡಿಸಲು ಮನಸ್ಸಾಗದೆ ಹುಸೇನಪ್ಪ ಎಲ್ಲದಕ್ಕೂ ತಲೆಯಾಡಿಸಿದರು. ಹುಳು ತುಂಬಿದ ಮಡಕೆಯನ್ನು ಒದ್ದೆ ಬಟ್ಟೆ ಸುತ್ತಿ ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಬಂದೆ. ಪಕ್ಕದಲ್ಲಿ ಕುಳಿತಿದ್ದ ಹೆಂಗಸು ಮೊಸರೇನ್ರಿ ಎಂದು ಕೇಳಿದಳು, ಹೌದು ಎಂದೆ.

ಈ ಸಲ ಮಣ್ಣು ನಾನೇ ತೆಗೆದೆ. ದುರುಗವ್ವ ಹಿಂದೆಯೇ ಬಂದು, ಪ್ರತಿ ಗೂಟದ ಬಳಿಯೂ ಬೇರು ಹರಳು ಕಂಡು ಸಂಕಟಪಟ್ಟಳು, ಆದರೆ ಕೈ ಹಾಕಲಿಲ್ಲ. ಹೊಸದಾಗಿ ಪ್ರಯೋಗಾಲಯಕ್ಕೂ ಹನ್ನೆರಡು ಚೀಲ ಕಳಿಸಿದೆ. ಹುಸೇನಪ್ಪ ಮಾವಿನ ಪೆಟ್ಟಿಗೆಗಳನ್ನು ಬಿಚ್ಚಿ ಹನ್ನೆರಡು ಹೊಸ ಪೆಟ್ಟಿಗೆ ಹೊಡೆದರು. ದುರುಗವ್ವನ ಅಂಗಳದ ಬೇವಿನ ಕೆಳಗೆ ಅವನ್ನು ಸಾಲಾಗಿ ಇಟ್ಟು, ಒದ್ದೆ ಗೋಣಿ ಹೊದಿಸಿದೆವು. ಇಡೀ ಊರು ನೋಡಲು ಬಂತು. ಹುಸೇನಪ್ಪ ಇದನ್ನು ಎಲೆಕ್ಷನ್ ಎಂದು ಕರೆದರು, ಹುಳುಗಳೇ ಮತದಾರರು, ಗೋಣಿ ತೆಗೆದವರ ಮೇಲೆ ಕೇಸು ಎಂದು ಗಂಭೀರವಾಗಿ ಸಾರಿದರು. ದುರುಗವ್ವ ತನ್ನ ಕೋಳಿಗಳನ್ನೆಲ್ಲ ಎರಡು ದಿನ ಬುಟ್ಟಿಯ ಕೆಳಗೆ ಮುಚ್ಚಿಟ್ಟಳು. ಮತದಾರರನ್ನೇ ತಿಂದುಬಿಟ್ಟರೆ ಏನು ಗತಿ ಎಂದು ಹೆದರಿಕೆ.

ಆ ದಿನಗಳ ಸುಖವನ್ನು ಏನೆಂದು ಹೇಳಲಿ. ತಲೆ ಸುಡುವ ಬಿಸಿಲು, ತಪ್ಪು ಮಾಡಿದ ಅಳುಕು, ಬಸ್ಸಿನ ಧೂಳು, ಎಲ್ಲ ಇತ್ತು. ಆದರೂ ಬೇವಿನ ನೆರಳಲ್ಲಿ ಆ ಹೆಂಗಸರ ಜೊತೆ ಕುಳಿತು ಹುಳುಗಳಿಗಾಗಿ ಕಾಯುವಾಗ ನಾನು ನನ್ನ ಗತ್ತನ್ನೆಲ್ಲ ಮರೆತಿದ್ದೆ. ಅವರು ನನಗೆ ಮಣ್ಣಿನ ಅಕ್ಕಾರು ಎಂದು ಹೆಸರಿಟ್ಟರು. ಯಾವ ಮಣ್ಣಿನಲ್ಲಿ ಒಲೆ ಬಿರಿಯುವುದಿಲ್ಲ, ಯಾವುದರಿಂದ ತಲೆ ತೊಳೆದರೆ ಕೂದಲು ನುಣುಪಾಗುತ್ತದೆ, ಯಾವುದು ಗೋಡೆಗೆ, ಯಾವುದು ನೆಲಕ್ಕೆ ಎಂದು ಹೇಳಿಕೊಟ್ಟರು. ನನ್ನ ಪಟ್ಟಿ ಎರಡು ಪುಟ ಬೆಳೆಯಿತು.

ಗೋಣಿ ತೆಗೆದು ಎಣಿಸಿದಾಗ ಬಹುತೇಕ ಪೆಟ್ಟಿಗೆಗಳಲ್ಲಿ ಹುಳುಗಳು ಎರಡೂ ಕಡೆ ಇದ್ದವು. ದುರುಗವ್ವನ ತೋಟದ ಅಂಚುಗಳು, ಸೌತೆ ಮಡಿ, ಹೀರೆಯ ಚಪ್ಪರದ ಬುಡ, ಎಲ್ಲ ಸರಿಯಿತ್ತು. ಕೆಟ್ಟದ್ದು ಎರಡೇ. ಬಾಗಿನ ಗೋಡೆಯ ಮೇಲೆ ಕೂತ ಹೊಸ ರೇವೆಯಲ್ಲಿ ಒಂದೂ ಹುಳು ನಿಂತಿರಲಿಲ್ಲ. ಇನ್ನೊಂದು, ತಗ್ಗು. ತಗ್ಗಿನ ಮಣ್ಣು ತುಂಬಿದ್ದ ಅರ್ಧದಲ್ಲಿ ಎರಡು ಹುಳು ಸತ್ತು ಬಿದ್ದಿದ್ದವು, ಉಳಿದ ಎಂಟು ಆಚೆಯ ಮೂಲೆಯಲ್ಲಿ ಒಂದರ ಮೇಲೊಂದು ಮುದುಡಿಕೊಂಡಿದ್ದವು. ದುರುಗವ್ವ ನಮ್ಮ ಎಣಿಕೆ ನಂಬದೆ ತಾನೇ ಆ ಮಣ್ಣನ್ನು ಬೆರಳಿನಿಂದ ಕೆದಕಿ ಕೆದಕಿ ನೋಡಿದಳು. ಎಲ್ಲಾದರೂ ಒಂದಾದರೂ ಉಳಿದಿರಬಹುದು ಎಂಬ ಆಸೆ. ಇರಲಿಲ್ಲ.

ಬಾಗಿನ ಮಣ್ಣು ಉಳಿಯಿತು. ಅದು ಉಳಿದದ್ದು ಅವಳ ಅತ್ತೆಯಿಂದ. ಮೊದಲ ಗುದ್ದಲಿಯ ಮಣ್ಣನ್ನು ಎತ್ತಿಗೆ ಬಳಸಬಾರದು, ಒಂದು ಮೊಳ ತೆಗೆದು ಎಸೆದು, ಒಳಗಿನ ಹಳೆಯ ಮಣ್ಣು ಕತ್ತಿಯಂತೆ ಹೊಳೆದ ಮೇಲೆಯೇ ಊರಿಗೆ ಕೊಡಬೇಕು ಎಂಬುದು ಅವಳ ನೇಮವಾಗಿತ್ತಂತೆ. ಬೆಣ್ಣೆಯಂಥ ಹೊಸ ರೇವೆಗೆ ಅಂಟು ಸಾಲದು, ಎತ್ತಿನ ಕೊಂಬು ಮುರಿಯುತ್ತದೆ ಎಂಬುದಷ್ಟೇ ಕಾರಣ. ಆ ಒಳಗಿನ ಮಣ್ಣನ್ನು ತೆಗೆದು ಮತ್ತೆ ಪೆಟ್ಟಿಗೆಗೆ ತುಂಬಿದೆವು. ಎರಡು ದಿನದ ಮೇಲೆ ನೋಡಿದರೆ ಆ ಕಡೆ ಐದು, ಈ ಕಡೆ ಐದು. ಹುಸೇನಪ್ಪ ರುಮಾಲು ತೆಗೆದು ಮುಖ ಒರೆಸಿಕೊಂಡರು. ಬಸುರಿಯರಿಗೆ ಮಾತ್ರ ಪ್ರಯೋಗಾಲಯದ ಉತ್ತರ ಬರುವವರೆಗೆ ಯಾವ ಮಣ್ಣೂ ಬೇಡ ಎಂದೆ, ಬಂದ ಮೇಲೂ ಬೇಡ ಎಂದು ಮೆಲ್ಲಗೆ ಸೇರಿಸಿದೆ. ಅಮಾವಾಸ್ಯೆಯ ಹಿಂದಿನ ದಿನ ದುರುಗವ್ವ ಮೇಲಿನ ಒಂದು ಮೊಳದ ಮಣ್ಣು ತೆಗೆಸಿದಳು. ಬೇರೆ ವರ್ಷ ಅದನ್ನು ಹಳ್ಳಕ್ಕೇ ದೂಡುತ್ತಿದ್ದರು. ಆ ವರ್ಷ ಬಂಡಿಯಲ್ಲಿ ಹೇರಿಸಿ, ಊರಿನಾಚೆಯ ಕಲ್ಲುನೆಲದಲ್ಲಿ ಗುಂಡಿ ತೋಡಿ ಮುಚ್ಚಿಸಿದೆವು. ಊರಿನ ಎತ್ತುಗಳು ಎಂದಿನಂತೆ ಕೊಂಬು ನಿಗುರಿಸಿ ನಿಂತವು.

ತಗ್ಗನ್ನು ಏನು ಮಾಡುವುದು ಎಂದು ಹೇಳುವ ಧೈರ್ಯ ನನಗೆ ಬರುವ ಮೊದಲೇ ದುರುಗವ್ವ ಕಾಯಿ ತುಂಬಿದ ಬದನೆಗಿಡಗಳನ್ನು ಕಿತ್ತು ಗುಡ್ಡೆ ಹಾಕಿದ್ದಳು. ಅಳಲಿಲ್ಲ. ಕೊನೆಯ ಗಿಡವನ್ನು ಕೀಳುವಾಗ ಮಾತ್ರ ಒಂದು ಗಳಿಗೆ ಅದರ ಎಲೆ ಹಿಡಿದು ನಿಂತಳು. ತಿನ್ನುವುದಲ್ಲದ ಏನಾದರೂ ಬಿತ್ತಬಹುದು, ಹಗ್ಗಕ್ಕೆ ಸೆಣಬು ಆಗಬಹುದು ಎಂದೆ.

"ಬದನಿ ಯಾವಾಗ ಹಚ್ಚಬೇಕ್ರಿ?" ಎಂದಳು.

"ನಾ ಬಂದು ಹೇಳೋತನ ಬ್ಯಾಡವ್ವ."

"ಆತ್ರಿ" ಎಂದಳು.

ಪ್ರಯೋಗಾಲಯದ ಉತ್ತರವೂ ಹುಳುಗಳು ಹೇಳಿದಂತೆಯೇ ಬಂತು. ಅದನ್ನು ಊರಿಗೆ ತಲುಪಿಸಿದ ವಾರದಲ್ಲೇ ನನಗೆ ವರ್ಗವಾಯಿತು. ಆಮೇಲೆ ಮದುವೆ, ಮಗಳು, ಬೇರೆ ಬೇರೆ ಊರುಗಳು, ಕೊನೆಗೆ ಲಿಂಗಸುಗೂರು. ಪ್ರತಿ ಅಮಾವಾಸ್ಯೆಗೆ ಆ ತಗ್ಗು ನೆನಪಾಗುತ್ತಿತ್ತು. ನನ್ನ ಜಾಗಕ್ಕೆ ಬಂದವರು ಯಾರಾದರೂ ನೋಡಿ ಹೇಳಿರುತ್ತಾರೆ ಎಂದುಕೊಳ್ಳುತ್ತಿದ್ದೆ. ಹಾಗೆ ಅಂದುಕೊಳ್ಳುವುದು ಸುಲಭವಾಗಿತ್ತು.

ಟೆಂಪೋ ಇಳಿದು ದಂಡೆಗೆ ಹೋದಾಗ ಬಾಗಿನಲ್ಲಿ ಜನ ಮಣ್ಣು ಒಯ್ಯುತ್ತಿದ್ದರು. ದುರುಗವ್ವ ಗುದ್ದಲಿ ಊರಿಕೊಂಡು ನಿಂತಿದ್ದಳು, ಕೂದಲು ಅರ್ಧ ಬೆಳ್ಳಗಾಗಿತ್ತು. ನನ್ನ ಮುಖಕ್ಕಿಂತ ಮೊದಲು ಕೈಯಲ್ಲಿದ್ದ ಎತ್ತುಗಳನ್ನು ನೋಡಿ, "ಇವು ನಮ್ಮ ಮಣ್ಣಿನವು ಅಲ್ಲ" ಎಂದಳು. ಆಮೇಲೆ ಕಣ್ಣು ಕಿರಿದು ಮಾಡಿ ನೋಡಿ ನಕ್ಕಳು. ಹುಸೇನಪ್ಪ ನಿವೃತ್ತರಾಗಿ ಸಂತೆಕಲ್ಲೂರಿನಲ್ಲಿ ಮೊಮ್ಮಕ್ಕಳನ್ನು ಆಡಿಸಿಕೊಂಡಿದ್ದಾರೆ, ಈಗಲೂ ಬಂದರೆ ನಾಲ್ಕು ರೊಟ್ಟಿ ಬೇಕು ಎಂದಳು. ಮಾತನಾಡುತ್ತಾ ತೋಟದೊಳಗೆ ಬಂದೆವು. ಸೌತೆ ಇತ್ತು, ಹೀರೆ ಇತ್ತು, ಅಂಚಿನ ಮಡಿಗಳಲ್ಲಿ ಬದನೆ ಇತ್ತು. ನಡುವಿನ ತಗ್ಗಿನಲ್ಲಿ ಸೆಣಬಿನ ಕೂಳೆ ನಿಂತಿತ್ತು.

ಹತ್ತು ವರ್ಷ ಅವಳು ಅಲ್ಲಿ ತಿನ್ನುವುದೇನನ್ನೂ ಹಚ್ಚಿರಲಿಲ್ಲ. ಹಗ್ಗ ಹೊಸೆಯುವುದನ್ನು ಕಲಿತಿದ್ದಳು, ಪಡಸಾಲೆಯ ತುಂಬ ಸೆಣಬಿನ ಹಗ್ಗದ ಸಿಂಬೆಗಳು ತೂಗುತ್ತಿದ್ದವು. ಬೇವಿನ ಕೆಳಗೆ ಹುಸೇನಪ್ಪ ಹೊಡೆದ ಪೆಟ್ಟಿಗೆಗಳಲ್ಲಿ ಒಂದು ಇತ್ತು, ಅದರ ಮೇಲೆ ಒದ್ದೆ ಗೋಣಿ. ನಾನು ಕೇಳುವ ಮೊದಲೇ ಗೋಣಿ ಸರಿಸಿ ತೋರಿಸಿದಳು. ಪ್ರತಿ ವರ್ಷ ಅಮಾವಾಸ್ಯೆಗೆ ಮುಂಚೆ ತಾನೇ ಹುಳು ತಂದು, ಒಂದು ಕಡೆ ಎತ್ತರದ ಮಣ್ಣು, ಒಂದು ಕಡೆ ತಗ್ಗಿನ ಮಣ್ಣು ತುಂಬಿ, ನಾನು ಮಾಡಿದಂತೆಯೇ ಎಣಿಸುತ್ತಾಳಂತೆ. ಕೋಳಿಗಳು ಬುಟ್ಟಿಯ ಕೆಳಗಿದ್ದವು. ತಗ್ಗಿನ ಮಣ್ಣನ್ನು ಕೆದಕಿದರೆ ನಾಲ್ಕು ಹುಳು ಆರಾಮಾಗಿ ಹೊರಳುತ್ತಿದ್ದವು.

ಮೂರು ವರ್ಷದಿಂದ ಹೀಗೇ ನಿಲ್ಲುತ್ತಿವೆ ಎಂದಳು. ಹಾಗಾದರೆ ಬದನೆ ಯಾಕೆ ಹಚ್ಚಲಿಲ್ಲ ಎಂದೆ. ಅವಳು ನನ್ನನ್ನು, ಇಷ್ಟು ಓದಿದವಳಿಗೆ ಇದೂ ತಿಳಿಯದೇ ಎಂಬಂತೆ ನೋಡಿದಳು.

"ಹುಳ ಹೇಳ್ಯಾವ್ರಿ. ನೀವು ಹೇಳಿದ್ದಿಲ್ಲ."

ಬಾಯಿಗೆ ಬಂದದ್ದನ್ನು ಹೇಳಿ ಬಸ್ಸು ಹತ್ತಿದವಳು ನಾನು. ಅದನ್ನು ಹತ್ತು ವರ್ಷ ಕಾದವಳು ಅವಳು. ನಾಚಿಕೆಯಾಯಿತು, ಅದನ್ನು ಅವಳಿಗೆ ಹೇಳಿದೆ. ಇರಲಿ ಬಿಡ್ರಿ, ಬಂದಿರಲ್ಲ ಎಂದು ಒಳಗೆ ಹೋಗಿ ಒಂದು ಬಟ್ಟೆಚೀಲ ತಂದಳು. ತಗ್ಗಿನಲ್ಲಿ ಕುಳಿತು ತಾನೇ ತುಂಬಿದಳು. ಬೇರು ಬಂತು, ಶಂಖ ಬಂತು, ಹರಳು ಬಂತು, ಯಾವುದನ್ನೂ ಆರಿಸಲಿಲ್ಲ. "ಈ ಸಲ ಜರಡಿ ಹಿಡದಿಲ್ಲ ನೋಡ್ರಿ, ಹೆಂಗೈತಿ ಹಂಗ ಐತಿ" ಎಂದು ಬಾಯಿ ಹೊಲಿದು ಕೊಟ್ಟಳು. ಹುಳು ಹೇಳಿದ್ದು ಹುಳುವಿನ ಮಟ್ಟಿಗೆ, ಮನುಷ್ಯರ ಮಟ್ಟಿಗೆ ಇನ್ನೊಮ್ಮೆ ನೋಡಿಯೇ ಹೇಳಬೇಕು ಎಂದು ಅವಳಿಗೂ ಗೊತ್ತಿತ್ತು. ಮದುವೆಗೆ ಹೋಗದೆ ಚೀಲ ಹಿಡಿದು ಹಿಂದಿರುಗಿದೆ.

ಪ್ರಯೋಗಾಲಯದ ಉತ್ತರ ಬರಲು ಒಂದು ತಿಂಗಳ ಮೇಲಾಯಿತು. ಕಾಗದ ಕೈಗೆ ಬಂದ ದಿನ ಮೂರು ಸಲ ಓದಿದೆ. ಅಂಚೆಯಲ್ಲಿ ಬರೆದು ಹಾಕಬಹುದಿತ್ತು. ಮರುದಿನ ಮೊದಲ ಬಸ್ಸಿಗೆ ಹೋದೆ. ತುಂತುರು ಮಳೆಯಲ್ಲಿ ದುರುಗವ್ವ ತಗ್ಗಿನ ಕೂಳೆ ಕಿತ್ತು, ನೆಲ ಹಸನು ಮಾಡಿ, ಸಾಲು ಬಿಟ್ಟು ಕುಳಿತಿದ್ದಳು. ನಾನು ಅಂಚಿನಲ್ಲಿ ನಿಂತು ಒಂದು ಹಿಡಿ ಮಣ್ಣು ಎತ್ತಿ ಮೂಸಿದೆ. ಬರೀ ಮಣ್ಣಿನ ವಾಸನೆ.

"ಹಚ್ಚವ್ವ" ಎಂದೆ.

ಅವಳು ಮನೆಯ ಹಿಂದೆ ಹೋಗಿ ಒಂದು ಬುಟ್ಟಿ ಹೊತ್ತು ತಂದಳು. ಅದರ ತುಂಬ ಬದನೆ ಸಸಿ, ಗೇಣುದ್ದ ಬೆಳೆದು ನಿಂತಿದ್ದವು. ಇವನ್ನು ಯಾವಾಗ ಹಾಕಿದೆ ಎಂದು ಕೇಳಿದೆ.

"ನೀವು ಚೀಲ ತಗೊಂಡು ಬಸ್ ಹತ್ತಿದ್ರಲ್ಲ, ಅವತ್ತ" ಎಂದು ಮೊದಲ ಸಸಿಯನ್ನು ನನ್ನ ಕೈಗಿಟ್ಟಳು.